ಅಪ್ಪನ ಮೂಗಿಗೆ ಒಂದು ಸೈಜ್ ದೊಡ್ಡದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಂತ್ರದ್ದು ತಪ್ಪಿರಲಿಲ್ಲ. ಡಾಕ್ಟರದ್ದು ತಪ್ಪಿರಲಿಲ್ಲ. ನಮ್ಮಪ್ಪನ ಮೂಗಿನದಂತೂ ಖಂಡಿತ ತಪ್ಪಿರಲಿಲ್ಲ. ಅದು ಹುಟ್ಟಿದಾಗಿನಿಂದ ಅಲ್ಲೇ, ತನ್ನ ಪಾಡಿಗೆ ತಾನು ಇತ್ತು. ಈ ಪ್ರಕರಣದಲ್ಲಿ ಬುದ್ಧಿ ಉಪಯೋಗಿಸಿದವನು ನಾನೊಬ್ಬನೇ. ಆದ್ದರಿಂದ ಆದ ಅನಾಹುತವೂ ನನ್ನೊಬ್ಬನದೇ.

ನಾನು ಮಿಮಿಕ್ರಿ ಮಾಡುವವನು. ಹೊಳಲ್ಕೆರೆ ಸುತ್ತಮುತ್ತಲ ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರು ಟೀ ಕುಡಿಯಲು ಇಳಿದಾಗ ಮೈಕು ನನ್ನ ಕೈಗೆ ಬರುತ್ತದೆ. ಬಸ್ ಕಂಡಕ್ಟರು, ಚಿಕ್ಕಜಾಜೂರು ಸ್ಟೇಷನ್ನಿನ ಅನೌನ್ಸ್‌ಮೆಂಟು, ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವ, ಯಾರನ್ನೂ ಬಿಡುವುದಿಲ್ಲ. ಆದರೆ ಜನ ಕೇಳಿ ಕೇಳಿ ಮಾಡಿಸುವ ಐಟಂ ಒಂದೇ: ‘ನಮ್ಮಪ್ಪನ ಗೊರಕೆ’. ಅದು ದಿಬ್ಬ ಹತ್ತುವ ಲಾರಿಯಂತೆ ಶುರುವಾಗುತ್ತದೆ. ಗೇರು ಬದಲಾಗುತ್ತದೆ. ಏರುತ್ತದೆ, ಇನ್ನೂ ಏರುತ್ತದೆ, ಥಟ್ಟನೆ ನಿಂತುಹೋಗುತ್ತದೆ. ಆಮೇಲೆ ನಿಶ್ಶಬ್ದ. ಆ ನಿಶ್ಶಬ್ದವೇ ನನಗೆ ಅನ್ನ ಹಾಕುವುದು. ಜನ ಬಾಯಿ ತೆರೆದು ಕಾಯುತ್ತಾರೆ. ಕೊನೆಗೆ ಕುಕ್ಕರ್ ಕೂಗಿದಂತೆ ಅಪ್ಪನ ಉಸಿರು ವಾಪಸ್ ಬಂದಾಗ ಇಡೀ ಛತ್ರ ಬಿದ್ದು ಬಿದ್ದು ನಗುತ್ತದೆ.

ಅಪ್ಪನದು ಟೆಂಪೋ. ಮದುವೆ ಮನೆಗಳಿಗೆ ಶಾಮಿಯಾನ, ಕುರ್ಚಿ, ದೊಡ್ಡ ಪಾತ್ರೆ ಸಾಗಿಸುವುದು ಅವರ ಕಸುಬು. ಒಂದು ಮಧ್ಯಾಹ್ನ ಕುರ್ಚಿ ತುಂಬಿಕೊಂಡು ಬರುವಾಗ ಸ್ಟೇರಿಂಗ್ ಮೇಲೆಯೇ ತೂಕಡಿಕೆ ಬಂತು. ಟೆಂಪೋ ಮೆಲ್ಲಗೆ ದಾರಿ ಬಿಟ್ಟು, ರಸ್ತೆಯಂಚಿಗೆ ಒಣಹಾಕಿದ್ದ ಮೆಕ್ಕೆಜೋಳದ ರಾಶಿಗೆ ತಲೆಯಿಟ್ಟು ಮಲಗಿತು. ಯಾರಿಗೂ ಏನೂ ಆಗಲಿಲ್ಲ. ಜೋಳದ ಯಜಮಾನರು ಬೈಯಬೇಕೆಂದು ಬಾಗಿಲು ತೆಗೆದರೆ, ಬೈಸಿಕೊಳ್ಳಬೇಕಾದವರು ಇನ್ನೂ ಎದ್ದೇ ಇರಲಿಲ್ಲವಂತೆ.

ಅಮ್ಮ ಅವತ್ತೇ ಟೆಂಪೋ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. “ಡಾಕ್ಟ್ರು ಓಡಿಸ್ಬೋದು ಅನ್ನೋತನಕ ಗಾಡಿ ಬೇವಿನ ಮರದ ಕೆಳಗೇ ಇರ್ತೈತೆ. ಯಾರ್ ಬಂದು ಕೇಳಿದ್ರೂ ಅಷ್ಟೇ.”

ಅಪ್ಪ ದಿನಾ ಬೆಳಿಗ್ಗೆ ಎದ್ದು, ನಿಂತ ಟೆಂಪೋದ ಗಾಜು ಒರೆಸಿ, ಸೀಟಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಇಳಿದು ಬರುತ್ತಿದ್ದರು. ಆ ಐಟಂ ಒಂದನ್ನು ಮಾತ್ರ ನಾನು ಯಾವ ವೇದಿಕೆಯ ಮೇಲೂ ಮಾಡಿಲ್ಲ.

ಚಿತ್ರದುರ್ಗದ ಡಾಕ್ಟರು ಗೊರಕೆ ಹೇಗಿರುತ್ತದೆ ಎಂದು ಕೇಳಿದರು. ಬಾಯಲ್ಲಿ ಹೇಳುವುದೇನು, ಮಾಡಿಯೇ ತೋರಿಸಿದೆ. ಹೊರಗೆ ಕುಳಿತಿದ್ದ ರೋಗಿಗಳು ನಕ್ಕರು. ಡಾಕ್ಟರು ನಗಲಿಲ್ಲ. ನಿಶ್ಶಬ್ದ ಬಂದಾಗ ಗೋಡೆ ಗಡಿಯಾರ ನೋಡುತ್ತಿದ್ದರು.

“ನಿಜವಾಗಲೂ ಇಷ್ಟು ಹೊತ್ತು ಉಸಿರು ನಿಲ್ಲುತ್ತಾ?”

“ಇನ್ನೂ ಜಾಸ್ತಿ ಸಾರ್. ಜನಕ್ಕೆ ಬೇಜಾರಾಗುತ್ತೆ ಅಂತ ನಾನೇ ಕಡಿಮೆ ಮಾಡಿದೀನಿ.”

ಹಾಗೆಂದ ಮೇಲೆಯೇ ನನಗೆ ಹೊಳೆದದ್ದು: ಇಷ್ಟು ವರ್ಷ ನಾನು ಚಪ್ಪಾಳೆ ಗಿಟ್ಟಿಸಿದ್ದು ಅಪ್ಪನ ಉಸಿರು ನಿಂತ ಜಾಗದಲ್ಲಿ.

ಪರೀಕ್ಷೆಯಾಯಿತು. ನಿದ್ದೆಯಲ್ಲಿ ಗಂಟಲು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ, ಮೂಗಿಗೆ ಮಾಸ್ಕ್ ಕಟ್ಟಿ ಯಂತ್ರದಿಂದ ಗಾಳಿ ಬಿಟ್ಟರೆ ದಾರಿ ತೆರೆದಿರುತ್ತದೆ, ದಿನಾ ರಾತ್ರಿ ಹಾಕಿಕೊಂಡು ಮಲಗಿದರೆ ಹಗಲಿನ ತೂಕಡಿಕೆ ಹೋಗುತ್ತದೆ, ಆಮೇಲೆ ಗಾಡಿ ಓಡಿಸುವ ಮಾತು, ಎಂದರು ಡಾಕ್ಟರು. ಯಂತ್ರ ತರುವ ಜವಾಬ್ದಾರಿಯನ್ನು ನಾನು ಹೊತ್ತೆ.

ಅಂಗಡಿಯವರು ಅಪ್ಪನ ಮುಖದ ಅಳತೆ ಕೇಳಿದರು. ಅಪ್ಪ ಬಂದಿರಲಿಲ್ಲ. ನಾನು ಕೇಳಿದೆ, “ಮೀಡಿಯಮ್ಮಿಗೂ ಲಾರ್ಜಿಗೂ ಒಂದೇ ರೇಟಾ?”

“ಒಂದೇ.”

“ಹಂಗಾದ್ರೆ ಲಾರ್ಜ್ ಕೊಡ್ರಿ.”

ಇದು ನಮ್ಮ ಮನೆಯ ಸಂಪ್ರದಾಯ. ಐದನೇ ಕ್ಲಾಸಿನ ಯೂನಿಫಾರಂ ಏಳನೇ ಕ್ಲಾಸಿಗೆ ಸರಿಹೋಗುವಂತೆ ಹೊಲಿಸುತ್ತಿದ್ದರು. ಚಪ್ಪಲಿ ತಂದರೆ ಹಿಮ್ಮಡಿಯ ಹಿಂದೆ ಇನ್ನೊಬ್ಬರಿಗೆ ಜಾಗವಿರುತ್ತಿತ್ತು. ಅಪ್ಪನ ಮೂಗೂ ಬೆಳೆಯುವ ವಯಸ್ಸಿನದು ಎಂದು ನಾನು ಭಾವಿಸಿದೆನೋ ಏನೋ, ಈಗ ನೆನಪಿಲ್ಲ.

ಮೊದಲ ಬೆಳಿಗ್ಗೆ ಅಪ್ಪ ಕೆಂಪು ಕಣ್ಣಿನೊಂದಿಗೆ ಎದ್ದರು. “ಗಾಳಿ ಎಲ್ಲಾ ಸಂದಿಯಾಗೆ ಬಂದು ಕಣ್ಣಿಗೇ ಹೊಡೀತೈತೆ ಕಣೋ. ಗ್ಲಾಸ್ ಇಳಿಸ್ಕಂಡು ಗಾಡಿ ಓಡಿಸ್ದಂಗೆ.”

“ಚಿಂತೆ ಬಿಡಿ ಅಪ್ಪ, ಆರಾಮಾಗೋ ಹಂಗೆ ನಾನು ಮಾಡಿಕೊಡ್ತೀನಿ,” ಎಂದೆ. ಮನೆಯಲ್ಲಿ ಆರಾಮು ಅವತ್ತಿಗೆ ಮುಗಿಯಿತು.

ಪಟ್ಟಿಗಳನ್ನು ಬಿಗಿ ಮಾಡಿದೆ. ಮರುದಿನ ಅಪ್ಪನ ಎರಡು ಕೆನ್ನೆಯ ಮೇಲೂ ರೈಲು ಹಳಿ ಮೂಡಿತ್ತು. ಕಿವಿಯ ಹತ್ತಿರ ಜಂಕ್ಷನ್ನು. ಪಟ್ಟಿಯ ಒಳಗೆ ಮೆತ್ತೆ ಹೊಲಿಸಬೇಕೆಂದು ಅಟ್ಟದಲ್ಲಿದ್ದ ಹಳೆಯ ಕಂಬಳಿ ಕತ್ತರಿಸಿಕೊಂಡು ಪಕ್ಕದ ಮನೆಯ ಟೈಲರ್ ರಹಮತ್ ಚಾಚಾ ಬಳಿ ಹೋದೆ.

“ಕಂಬಳಿ ಚುಚ್ಚುತ್ತೆ ಬೇಟಾ. ಕಾಟನ್ ಹಾಕಾಣ.”

“ಚಾಚಾ, ಕಂಬಳಿ ಉಸಿರಾಡೋ ಬಟ್ಟೆ.”

“ಕಂಬಳಿ ಉಸಿರಾಡಿ ಏನಾಗ್ಬೇಕು? ನಿಮ್ಮಪ್ಪ ಉಸಿರಾಡ್ಬೇಕು.” ಎಂದರೂ ಹೊಲಿದುಕೊಟ್ಟರು. ಅಪ್ಪ ಬೆಳಗಿನವರೆಗೂ ಕೆರೆದುಕೊಂಡರು. ಯಂತ್ರ ಹಾಕಿಕೊಂಡಿದ್ದಕ್ಕೆ ಗೊರಕೆ ನಿಂತಿತು ಎಂದು ನಾನು ಹಿಗ್ಗಿದೆ. ನಿದ್ದೆಯೇ ಇರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಮೂಗು ಒಣಗುತ್ತದೆ ಎಂದರು ಅಪ್ಪ. ಗಾಳಿಗೆ ತೇವ ಕೊಡಲೆಂದು ಯಂತ್ರದಲ್ಲಿ ನೀರಿನ ಪುಟ್ಟ ಡಬ್ಬಿ ಇರುತ್ತದೆ. ಬರೀ ಶುದ್ಧ ನೀರು ಹಾಕಬೇಕು, ಬೇರೇನೂ ಸೇರಿಸಬಾರದು ಎಂದು ಅಂಗಡಿಯವರು ಒತ್ತಿ ಹೇಳಿದ್ದರು. ಆದರೆ ಬರೀ ನೀರಿನಲ್ಲಿ ಏನು ಕಾಳಜಿ ಕಾಣುತ್ತದೆ? ನೀಲಗಿರಿ ಎಣ್ಣೆ ಸೇರಿಸಿದೆ. ಅಪ್ಪ ಮಾಸ್ಕ್ ಕಿತ್ತೆಸೆದು ಅಂಗಳಕ್ಕೆ ಓಡಿಹೋಗಿ ಕೆಮ್ಮಿದರು. “ಮೂಗು ತೊಳೆದಂಗಾತಾ ಅಪ್ಪ?” ಎಂದು ಕೇಳಿದ್ದಕ್ಕೆ ಅವರು ನೋಡಿದ ನೋಟವನ್ನು ಮಿಮಿಕ್ರಿ ಮಾಡಲು ಯಾರಿಂದಲೂ ಆಗದು.

ಇನ್ನುಳಿದದ್ದು ಗಾಳಿಯ ಪೈಪು. ಮಗ್ಗುಲು ಬದಲಿಸಿದರೆ ಅದು ಎಳೆಯುತ್ತಿತ್ತು. ಮಲಗಿ ಸೂರು ನೋಡುತ್ತಿದ್ದಾಗ ನನಗೆ ಉಪಾಯ ಹೊಳೆಯಿತು. ತೊಲೆಯಲ್ಲಿ ನನ್ನ ತೊಟ್ಟಿಲಿನ ಕೊಂಡಿ, ಕೊಂಡಿಯಲ್ಲಿ ಜೋಲಿ ಕಟ್ಟುವ ಸ್ಪ್ರಿಂಗು, ಎರಡೂ ಇನ್ನೂ ಇದ್ದವು. ಪೈಪನ್ನು ಆ ಸ್ಪ್ರಿಂಗಿಗೆ ತೂಗುಹಾಕಿದೆ.

ಬೆಳಿಗ್ಗೆ ಅಮ್ಮ ಟೀ ಲೋಟ ಹಿಡಿದು ಯಾವುದೋ ಲೋಕದಲ್ಲಿದ್ದಳು. “ಮದ್ವೆ ಆದಾಗಿಂದ ಒಂದಿನಾನೂ ನನ್ ಮಾತಿಗೆ ಹ್ಞೂಂ ಅಂದೋರಲ್ಲ ನಿಮ್ಮಪ್ಪ. ರಾತ್ರಿ ಎಲ್ಲಾ ಸ್ಪ್ರಿಂಗ್ ಜಗ್ಗಿದಂಗೆ ತಲೆ ಆಡಿಸ್ತಾ ಇದ್ರು. ಸರ ಮಾಡಿಸಿ ಅಂತ ಕೇಳಾಣ ಅಂದ್ಕಂಡೆ, ಅಷ್ಟರಾಗೆ ಬೆಳಗಾತು.”

ಅಪ್ಪ ನಗಲಿಲ್ಲ. ಮಾಸ್ಕನ್ನು ಗೋಡೆಯ ಮೊಳೆಗೆ ತಗುಲಿಹಾಕಿದರು. “ನಂಗೆ ಇದೂ ಬ್ಯಾಡ, ಗಾಡೀನೂ ಬ್ಯಾಡ. ಗಾಡಿ ಮಾರ್ಬಿಡಾಣ.”

ಅಮ್ಮನ ಕೈ ಸೆರಗಿನ ಗಂಟಿನ ಮೇಲೆ ಹೋಗಿ ಅಲ್ಲೇ ನಿಂತಿತು. ಬೇವಿನ ಮರದ ಕೆಳಗೆ ಟೆಂಪೋದ ಮೇಲೆ ಒಂದೊಂದೇ ಎಲೆ ಬೀಳುತ್ತಿತ್ತು.

ಆ ಮಧ್ಯಾಹ್ನ ಅಪ್ಪ ಹೊರಗೆ ಹೋಗಿದ್ದರು. ಈ ಮಾಸ್ಕಿನಲ್ಲಿ ಅಂಥ ಕಷ್ಟವೇನು ಎಂದು ನೋಡಬೇಕೆನಿಸಿತು. ಕಂಬಳಿ ಕಿತ್ತು, ಸ್ಪ್ರಿಂಗ್ ಬಿಚ್ಚಿ, ಡಬ್ಬಿ, ಪೈಪು, ಮಾಸ್ಕು ಎಲ್ಲ ಸೋಪು ಹಾಕಿ ತೊಳೆದು, ನಾನೇ ಕಟ್ಟಿಕೊಂಡು ಮಲಗಿದೆ. ಗುಂಡಿ ಒತ್ತಿದೆ. ಗಾಳಿ ಬಂತು. ದೂರದ ಊರಿಂದ ಯಾರೋ ನನಗೆಂದೇ ಕಳಿಸಿದಂಥ ಗಾಳಿ. ಜೋಗಿಮಟ್ಟಿ ಬೆಟ್ಟದ ಗಾಳಿಗಿರಣಿಗಳು ಒಂದೊಂದಾಗಿ ನನ್ನತ್ತ ತಿರುಗಿದವು. ನಾನು ಹಗುರಾದೆ. ಕೆಳಗೆ ಹಿರಿಯೂರಿನ ಕಡೆ ಮಾರಿಕಣಿವೆ ಅಣೆಕಟ್ಟಿನ ನೀರು ತಟ್ಟೆಯಷ್ಟು ಚಿಕ್ಕದಾಗಿ ಹೊಳೆಯುತ್ತಿತ್ತು. ಶಾಮಿಯಾನದ ಬಟ್ಟೆಯನ್ನು ಹಾಯಿಯಂತೆ ಬಿಚ್ಚಿಕೊಂಡು ನಮ್ಮ ಟೆಂಪೋ ಬೆಟ್ಟಗಳ ಮೇಲೆ ತೇಲಿ ಬಂತು. ಒಳಗೆ ಅಪ್ಪ ಮಲಗಿದ್ದರು. ಆಕಾಶದ ತುಂಬ ಕುರ್ಚಿ ಹಾಕಿಕೊಂಡು ಜನ ಕಾಯುತ್ತಿದ್ದರು, ಅದೇ ನಿಶ್ಶಬ್ದಕ್ಕಾಗಿ. ನಿಶ್ಶಬ್ದ ಬರಲೇ ಇಲ್ಲ. ಉಸಿರು ಬಂತು, ಹೋಯಿತು, ಮತ್ತೆ ಬಂತು. ಒಬ್ಬರೂ ನಗಲಿಲ್ಲ. ಐಟಂ ಕೈಕೊಟ್ಟಿದ್ದಕ್ಕೆ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಕಣ್ಣು ಬಿಟ್ಟಾಗ ಸಂಜೆಯಾಗಿತ್ತು. ಅಮ್ಮ, ಅಪ್ಪ ಇಬ್ಬರೂ ತಲೆದೆಸೆಯಲ್ಲಿ ನಿಂತಿದ್ದರು.

“ಏನ್ರಿ, ಇಲ್ಲಿ ನೋಡ್ರಿ,” ಅಮ್ಮ ಮಾಸ್ಕಿನ ಅಂಚಿನ ಸುತ್ತ ಬೆರಳಾಡಿಸಿದಳು. “ಎಲ್ಲೂ ಗಾಳಿ ಸೋರಂಗಿಲ್ಲ. ಬಚ್ಚಲ ಹಂಡೆ ಮುಚ್ಚಳ ಕುಂತಂಗೆ ಕುಂತೈತೆ. ಇದು ಇವನ ಮೂತಿಗೆ ತಂದಿರೋದು.”

ಕನ್ನಡಿ ತಂದರು. ಮಿಮಿಕ್ರಿಗೆಂದು ದಿನಕ್ಕೆ ಹತ್ತು ಜನರಂತೆ ಮೂತಿ ತಿರುವಿ ತಿರುವಿ ಅಗಲ ಮಾಡಿಕೊಂಡ ನನ್ನ ಮುಖಕ್ಕೆ ಲಾರ್ಜ್ ಹೇಳಿ ಮಾಡಿಸಿದಂತಿತ್ತು. ಅದನ್ನೇ ಅಪ್ಪನ ಮುಖಕ್ಕೆ ಹಿಡಿದರೆ ಮೂಗಿನ ಆಚೀಚೆ ಒಂದೊಂದು ಬೆರಳು ಆರಾಮಾಗಿ ಓಡಾಡುತ್ತಿತ್ತು. ಕೆಂಪು ಕಣ್ಣು, ರೈಲು ಹಳಿ, ಒಣ ಮೂಗು, ಎಲ್ಲಕ್ಕೂ ಮೂಲಪುರುಷ ಸಾಕ್ಷಾತ್ ನಾನು.

“ಬೆಳೀಲಿ ಅಂತ ತಂದಿದ್ದೆ,” ಎಂದೆ. ಅಮ್ಮ ತಲೆ ಚಚ್ಚಿಕೊಂಡಳು.

ಮರುದಿನ ಅಪ್ಪನನ್ನೇ ದುರ್ಗಕ್ಕೆ ಕರೆದುಕೊಂಡು ಹೋಗಿ ಅಳತೆ ಕೊಡಿಸಿ ಮೀಡಿಯಂ ತಂದೆವು. ಪಟ್ಟಿ ಸಡಿಲ, ನೀರು ಶುದ್ಧ, ಪೈಪು ದಿಂಬಿನ ಪಕ್ಕ. ನನಗೆ ಯಂತ್ರದ ಹತ್ತಿರ ಪ್ರವೇಶವಿಲ್ಲ. ಅಪ್ಪ ಮಲಗಿದರು. ಬೆಳಗಿನವರೆಗೆ ಮಲಗಿದರು, ಅಷ್ಟೇ. ಅಭ್ಯಾಸವಾಗಿ ಕೆಲವು ವಾರ ಕಳೆದ ಮೇಲೆ ಡಾಕ್ಟರು ಅಪ್ಪನ ಬೆನ್ನು ತಟ್ಟಿದರು. ಅಮ್ಮ ಸೆರಗಿನ ಗಂಟು ಬಿಚ್ಚಿದಳು.

ಮೊದಲ ಬಾಡಿಗೆ ಹೊಸದುರ್ಗಕ್ಕೆ. ಹಿಂದೆ ಕುರ್ಚಿ, ಮುಂದೆ ಅಪ್ಪನ ಪಕ್ಕ ನಾನು. ಎಳೆ ಬಿಸಿಲು. ದೂರದ ಗುಡ್ಡಗಳ ಮೇಲೆ ಗಾಳಿಗಿರಣಿಗಳು ಆಕಳಿಸಿದಂತೆ ನಿಧಾನ ತಿರುಗುತ್ತಿದ್ದವು. ನೋಡುತ್ತ ನೋಡುತ್ತ ನನ್ನೊಳಗೆ ಮತ್ತೇನೋ ತಿರುಗತೊಡಗಿತು.

“ಅಪ್ಪ, ಒಂದು ಐಡಿಯಾ ಐತೆ. ಆ ಮಿಷನ್ನು ಗಾಡಿ ಬ್ಯಾಟರಿಗೇ ಕೂಡಿಸಿದ್ರೆ, ಛತ್ರದ ಮುಂದೆ ಕಾಯೋವಾಗ ನೀವು ಇಲ್ಲೇ ಮಲಗ್ಬೋದು. ಪೈಪು ಮೇಲಿಂದ ಇಳಿಬಿಡಾಣ, ಶಾಮಿಯಾನದ ಬಟ್ಟೇಲಿ ಮಾಸ್ಕಿಗೊಂದು ಮೆತ್ತೆ...”

ಅಪ್ಪ ಗೇರು ಬದಲಿಸಿದರು. ಐಡಿಯಾ ಮನಸ್ಸಿಗೆ ಇಳಿಯುತ್ತಿದೆ ಎಂದುಕೊಂಡೆ. ಆಮೇಲೆ ರಸ್ತೆಯಿಂದ ಕಣ್ಣು ಕದಲಿಸದೆ ಅವರು ಹೇಳಿದ್ದಿಷ್ಟು:

“ಲೇ, ನಿದ್ದೆ ನಾನ್ ಮಾಡ್ಕಂತೀನಿ. ನೀನು ಎದ್ದೇಳು.”