ಜನರಲ್ ಕಾರ್ಗೋ ಎಂದರೆ ಜನರಲ್ ಡಬ್ಬಿಯಲ್ಲ

ನಮ್ಮಂಥ ಮಾಸ್ತರರಿಗೆ ಎಷ್ಟೋ ತರಬೇತಿ ಕೊಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವ ತರಬೇತಿಯನ್ನು ಮಾತ್ರ ಯಾರೂ ಕೊಡುವುದಿಲ್ಲ. ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಭೂಗೋಳ ಹೇಳುತ್ತಿದ್ದೇನೆ. ನಕ್ಷೆಯಲ್ಲಿ ಎಲ್ಲ ಸಮುದ್ರಗಳನ್ನೂ ಕಣ್ಣು ಮುಚ್ಚಿ ತೋರಿಸುವ ನಾನು ನಿಜವಾದ ಸಮುದ್ರ ಕಂಡದ್ದು ಒಂದೇ ಸಲ, ಸಾಲಿ ಪ್ರವಾಸದಲ್ಲಿ. ಅದೂ ಎಲ್ಲರೂ ನೀರಿಗಿಳಿದಾಗ ದಂಡೆಯಲ್ಲಿ ಕುಳಿತು ಚಪ್ಪಲಿ ಕಾಯುತ್ತ. ಹಡಗಿನ ವಿಷಯ ನಮ್ಮ ಪಠ್ಯಪುಸ್ತಕದಲ್ಲಿ ಇದ್ದರೆ ಒಂದೂವರೆ ಪ್ಯಾರಾ. ಆ ಒಂದೂವರೆ ಪ್ಯಾರಾದ ಧೈರ್ಯದ ಮೇಲೆ ನನ್ನ ತಂಗಿಯ ಮಗಳ ಮದುವೆಯನ್ನು ನಾನು ಹೆಚ್ಚೂಕಡಿಮೆ ಮುರಿದೇಬಿಟ್ಟಿದ್ದೆ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತವೆ.

ತಂಗಿ ನೀಲವ್ವನ ಮನೆ ಬಸವನ ಬಾಗೇವಾಡಿಯಲ್ಲಿ. ಮಗಳು ಶೈಲಾ ಅಲ್ಲೇ ಕಾಲೇಜಿನಲ್ಲಿ ಲೆಕ್ಚರರು. ಅವಳನ್ನು ನೋಡಲು ಮನಗೂಳಿಯಿಂದ ಮಹಾಂತೇಶ ಎಂಬ ವರ ತಾಯಿಯೊಡನೆ ಬಂದಿದ್ದ. ಹಡಗಿನಲ್ಲಿ ಅಧಿಕಾರಿ. ಇಂಡಿ, ಸಿಂದಗಿ ಕಡೆಯ ಬೀಗರೂ ಸೇರಿ ಮನೆ ತುಂಬಿತ್ತು. ಕಲಿತವನೆಂದು ನನಗೆ ನಡುವಿನ ಕುರ್ಚಿ ಹಾಕಿದ್ದರು. ಮನುಷ್ಯ ಕೆಡುವುದು ಇಂಥ ಕುರ್ಚಿಯಿಂದಲೇ.

ಶೈಲಾಳ ಅಪ್ಪ ಕೇಳಿದರು: “ಎಂಥಾ ಹಡಗ್ರಿ ನಿಮ್ದು?”

“ಜನರಲ್ ಕಾರ್ಗೋ ರೀ,” ಎಂದ ಮಹಾಂತೇಶ.

ಎಲ್ಲರೂ ನನ್ನ ಮುಖ ನೋಡಿದರು. ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾನು ಗಂಟಲು ಸರಿ ಮಾಡಿಕೊಂಡು, “ರೈಲಿನ್ಯಾಗ ಜನರಲ್ ಡಬ್ಬಿ ಇರತೈತಲ್ಲ, ಹಂಗ. ದೊಡ್ಡ ಹಡಗಿನವರು ಒಲ್ಲೆಂದು ಬಿಟ್ಟ ಸಾಮಾನೆಲ್ಲಾ ಇವರು ಹೇರ್ಕೊಂಡು ಹೋಗ್ತಾರ,” ಎಂದೆ. ಸಿಂದಗಿಯ ಬೀಗರೊಬ್ಬರು ಚಹಾ ನೆತ್ತಿಗೇರುವಷ್ಟು ನಕ್ಕರು. ನನಗೆ ಖುಷಿಯೇ ಆಯಿತು. ಹುಡುಗ ತಲೆ ತಗ್ಗಿಸಿ ಮುಗುಳ್ನಕ್ಕ. ಅವನ ತಾಯಿ ಮಾತ್ರ ಕೈಯಲ್ಲಿದ್ದ ಅವಲಕ್ಕಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟರು. ಅದನ್ನು ನಾನು ನೋಡಿದೆ. ನೋಡಿಯೂ ನಕ್ಕೆ.

ಅವರು ಹೋದ ಮೇಲೆ ಶೈಲಾಳ ಅಪ್ಪ, “ಮಾಸ್ತರ್ರ ಹೇಳಿದ್ಮ್ಯಾಲೆ ಮುಗೀತು. ಈ ಸಂಬಂಧ ಬ್ಯಾಡ,” ಎಂದುಬಿಟ್ಟರು. ಮೂರು ದಿನ ಬಿಟ್ಟು ಶೈಲಾಳ ಫೋನು ಬಂತು.

“ಮಾಮಾ, ಜನರಲ್ ಡಬ್ಬಿ ಅಂದ್ರಲ್ಲ, ಅದನ್ನ ಎಲ್ಲಿ ಓದಿದ್ರಿ?”

ನಾನು ಕೆಮ್ಮಿದೆ.

“ನಾನ ಮಹಾಂತೇಶ ಅವರಿಗೆ ಫೋನ್ ಮಾಡಿದ್ದೆ. ನಿಮ್ಮ ಮ್ಯಾಲೆ ಒಂದು ಮಾತೂ ಆಡಲಿಲ್ಲ. ಹಿರ್ಯಾರನ್ನ ನಾಕು ಮಂದಿ ಮುಂದ ತಿದ್ದೋದು ಛಲೋ ಅನಸಲಿಲ್ಲ ಅಂದ್ರು. ನನಗ ಅವರು ಒಪ್ಪಿಗಿ ಅದಾರ. ಅಪ್ಪಗ ನೀವ ಹೇಳಬೇಕು.”

ಅವನು ಬೈದಿದ್ದರೆ ಹೇಗಾದರೂ ಸಮರ್ಥಿಸಿಕೊಳ್ಳುತ್ತಿದ್ದೆ. ಬೈಯದ ಮನುಷ್ಯನಿಗೆ ಏನು ಉತ್ತರ ಕೊಡುವುದು? ಭಾನುವಾರ ಮನಗೂಳಿಗೆ ಹೊರಟೆ. ಬಸ್ಸು ಬಾಗೇವಾಡಿಯಲ್ಲಿ ನಿಂತಾಗ ಯಾರಾದರೂ ಕಂಡಾರೆಂದು ಪೇಪರನ್ನು ಮುಖಕ್ಕೆ ಹಿಡಿದಿದ್ದೆ. ತಲೆಕೆಳಗಾಗಿ ಹಿಡಿದಿದ್ದೆನೆಂದು ಪಕ್ಕದವರು ಹೇಳಿದ ಮೇಲೆ ಗೊತ್ತಾಯಿತು.

ಬಾಗಿಲು ತೆರೆದ ಮಹಾಂತೇಶನ ತಾಯಿ ನನ್ನನ್ನು ಗುರುತಿಸಿ ಬಾಗಿಲನ್ನು ಅರ್ಧಕ್ಕೇ ಹಿಡಿದರು. ಆಮೇಲೆ “ಬರ್ರಿ” ಎಂದರು. ಆ ಅರ್ಧ ಬಾಗಿಲು ನನಗೆ ಸಾಕಾಗಿತ್ತು. ಕೂಡುವ ಮೊದಲೇ, “ತಪ್ಪಾತ್ರಿ ಅಕ್ಕಾರ. ತಿಳೀದ ಮಾತಾಡಿದೆ,” ಎಂದೆ. ಮಹಾಂತೇಶನಿಗೆ, “ನಿಮ್ಮ ಹಡಗು ಎಂಥಾದ್ದು, ಈಗರೆ ಹೇಳ್ರಿ,” ಎಂದೆ.

ಅವನು ಸೇಡಿನ ಸುಳಿವೂ ಇಲ್ಲದೆ ಹೇಳಿದ. “ಜ್ವಾಳ ಚೀಲಕ್ಕ ತುಂಬದ ಹಂಗ ಹಡಗಿನ ಹೊಟ್ಟಿಗೆ ಸುರದ್ರ, ಅದು ಬಲ್ಕ್ ಹಡಗ್ರಿ. ಕಲ್ಲಿದ್ದಲು, ಅದಿರು ಹೋಗೋದು ಹಂಗ. ಎಣ್ಣಿಗೆ ಟ್ಯಾಂಕರ್. ಕಂಟೇನರ್ ಹಡಗಿನ್ಯಾಗ ಎಲ್ಲಾ ಅಳತಿ ಮಾಡಿದ ಪೆಟಗಿ. ಒಂದರ ಮ್ಯಾಲೊಂದು ಇಟ್ಟರಾತು. ನಮ್ದು ಹಂಗಲ್ರಿ. ಚೀಲ, ಕಟ್ಟಿಗಿ, ಕಬ್ಬಿಣದ ಸುರುಳಿ, ಕಾರ್ಖಾನಿ ಮಷೀನು, ಒಂದರ ಆಕಾರ ಇನ್ನೊಂದಕ್ಕಿಲ್ಲ. ಯಾವುದು ಕೆಳಗ, ಯಾವುದು ಮ್ಯಾಲೆ, ಹೆಂಗ ಬಿಗಿಯೂದು, ಎಲ್ಲಾ ಲೆಕ್ಕ ಹಾಕಬೇಕು. ಅಲೆ ಹೊಡತಕ್ಕ ಒಂದು ಸರದ್ರ ಹಡಗ ವಾಲತೈತಿ. ಕ್ರೇನು ನಮ್ಮ ಹಡಗಿನ್ಯಾಗ ಇರತಾವು. ಅದಕ್ಕ ದೊಡ್ಡ ಕ್ರೇನ್ ಇಲ್ಲದ ಸಣ್ಣ ಬಂದರಕ್ಕೂ ಹೋಗ್ತೇವಿ.”

“ಹಂಗಂದ್ರ, ದೊಡ್ಡವರು ಬಿಟ್ಟ ಸಾಮಾನು...” ಎಂದು ರಾಗ ಎಳೆದೆ.

“ಅವರಿಗೆ ಒಯ್ಯಾಕ ಬರಲಾರದ ಸಾಮಾನು ಅನ್ರಿ,” ಎಂದು ನಕ್ಕ.

ಅವನ ತಾಯಿ ರೊಟ್ಟಿ ಬಡಿಸಿದರು. ಬ್ಯಾಡ ಬ್ಯಾಡ ಅಂದರೂ ಮತ್ತೊಂದು ಹಾಕಿದರು. ಅಲ್ಲಿಂದ ನೇರ ಬಾಗೇವಾಡಿಗೆ ಬಂದು ತಂಗಿಯ ಗಂಡನ ಮುಂದೆ ನಿಂತೆ. “ನಾನು ಹೇಳಿದ್ದು ಸುಳ್ಳು. ನನಗ ಹಡಗಿನ ಗಂಧ-ಗಾಳಿ ಗೊತ್ತಿಲ್ಲ.” “ಹಂಗಾರ ಇಷ್ಟು ವರ್ಸ ನೀವು ಹೇಳಿದ್ದೆಲ್ಲಾ?” ಎಂದರು ಅವರು. ಒಳಗೆ ಶೈಲಾ ಫಕ್ಕನೆ ನಕ್ಕದ್ದು ಕೇಳಿಸಿತು.

ಮುಂದಿನ ತಿಂಗಳು ಮದುವೆ ನಿಶ್ಚಯದ ಕಾರ್ಯ ನಡೆಯಿತು. ಈ ಸಲ ನಾನಾಗಿಯೇ ಹೋಗಿ ಮೂಲೆಯ ಚಾಪೆಯ ಮೇಲೆ ಕುಳಿತೆ. ಇಂಡಿಯ ಹಿರಿಯರೊಬ್ಬರು ನನ್ನ ಕಡೆ ಬಾಗಿ, “ಈ ಹಡಗ ಮುಳಗದ ಹಂಗ ಹೆಂಗ ನಿಂದರತಾವ್ರಿ?” ಎಂದು ಕೇಳಿದರು. ಉತ್ತರ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕಷ್ಟಪಟ್ಟು ನುಂಗಿ, “ಗೊತ್ತಿಲ್ರಿ, ಅಳಿಯಂದಿರನ್ನ ಕೇಳ್ರಿ,” ಎಂದೆ.

“ನೀವು ಭೂಗೋಳ ಮಾಸ್ತರ್ರು ಹೌದಲ್ರಿ?”

“ಹೌದ್ರಿ,” ಎಂದೆ. “ಆದ್ರ ನಂದು ಒಣ ನೆಲದ್ದಷ್ಟ.”