ಚಿತ್ತು ಹುಡುಕುವ ಮಾವ

ನನ್ನ ಸೋದರಮಾವನಷ್ಟು ಗುರುಗಳನ್ನು ತಿರಸ್ಕರಿಸಿದ ಮನುಷ್ಯ ಮೈಸೂರು ಸೀಮೆಯಲ್ಲೇ ಇನ್ನೊಬ್ಬನಿರಲಿಲ್ಲ! ತಮಾಷೆಯೆಂದರೆ, ಗುರು ಬೇಕಾಗಿದ್ದದ್ದು ಅವರಿಗಲ್ಲ, ನನಗೆ.

ಜಗಳೂರಿನ ಶೇಂಗಾ ಹೊಲಗಳಲ್ಲಿ ಕಂಬಳಿಹುಳು ಎಣಿಸುವುದು ಮಾವನ ಸರ್ಕಾರಿ ಕೆಲಸ. ಓದಿದ್ದು ಲೋವರ್ ಸೆಕೆಂಡರಿ. ನಾನು ಬಿ.ಎಸ್ಸಿ. ಓದುತ್ತ ಎರಡು ಮುಂಗಾರು ಅವರ ಜೊತೆ ಹುಳು ಎಣಿಸಿದ್ದೆ. ಈಗ ಕೀಟಶಾಸ್ತ್ರದ ಸಂಶೋಧನೆಗೆ ಅರ್ಜಿ ತುಂಬಬೇಕಿತ್ತು. ಅದರಲ್ಲೊಂದು ಖಾಲಿ ಜಾಗ: ‘ಯಾರ ಕೈಕೆಳಗೆ?’ ತಪ್ಪು ಹೆಸರು ಬರೆದರೆ ನಾಲ್ಕು ವರ್ಷ ಮಣ್ಣುಪಾಲು. ಒಳ್ಳೆಯ ಗುರುವನ್ನು ಹೊರಗಿನಿಂದ ಗುರುತಿಸುವುದಾದರೂ ಹೇಗೆ?

“ಗುರುವಿನ ಮಕ ನೋಡಿ ಏನ್ ಮಾಡ್ತೀಯ ಅಳಿಯಾ? ಶಿಷ್ಯನ ನೋಟ್‌ಬುಕ್ ನೋಡು. ಚಿತ್ತು ಹೊಡೆದಿದ್ರೆ ಗುರು ಒಳ್ಳೇನು. ತಪ್ಪು ಮಾಡಾಕೆ ಅಲ್ಲಿ ಹೆದರಿಕೆ ಇಲ್ಲ ಅಂತ ಅರ್ಥ.”

ಹೀಗೆ ನಾವು ಬಸ್ಸು ಹತ್ತಿದೆವು. ಯುದ್ಧಕಾಲ, ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದರೆ ಇಳಿದು ತಳ್ಳಬೇಕು. ಗುರುವನ್ನು ಹುಡುಕುತ್ತ ಬಸ್ಸು ತಳ್ಳಿದವರು ಪುರಾಣದಲ್ಲೂ ಇಲ್ಲ!

ಮೊದಲು ಹೊನ್ನಾಳಿ. ಅಥವಾ ನ್ಯಾಮತಿ. ನನ್ನ ನೆನಪು ಎರಡೂ ಊರನ್ನು ಒಂದೇ ಸೀಟಿನಲ್ಲಿ ಕೂರಿಸುತ್ತದೆ, ನಾನೇನು ಮಾಡಲಿ? ಅಲ್ಲಿ ಭತ್ತದ ಹುಳುಗಳ ದೊಡ್ಡ ತಜ್ಞರೊಬ್ಬರಿದ್ದರು. ಅವರ ಶಿಷ್ಯನ ಪುಸ್ತಕ ಮುತ್ತು ಪೋಣಿಸಿದಂತಿತ್ತು.

“ಇದೇನ್ರೀ, ಲಗ್ನಪತ್ರಿಕೆನಾ?” ಎಂದರು ಮಾವ.

“ನಮ್ಮ ಸಾಹೇಬ್ರ ಹತ್ರ ತಪ್ಪು ಆಗಂಗಿಲ್ಲ ರೀ,” ಎಂದ ಶಿಷ್ಯ, ಹೆಮ್ಮೆಯಿಂದ.

“ಹಂಗಾದ್ರೆ ಕಲಿಯಾಕೂ ಆಗಂಗಿಲ್ಲ ಬಿಡ್ರಿ.”

ಬಾಗಿಲು ಮುಚ್ಚಿತು. ನಮಗೆಂದು ಕಾಸಿದ್ದ ಕಾಫಿ ಒಳಗೇ ಉಳಿಯಿತು.

ಚನ್ನಗಿರಿಯ ತಜ್ಞರ ಶಿಷ್ಯನ ಪುಸ್ತಕದಲ್ಲಿ ಚಿತ್ತೋ ಚಿತ್ತು! ಮಾವ ಕುಣಿದರು. ನಾನು ಪೆನ್ನಿನ ಮುಚ್ಚಳ ತೆಗೆದೆ.

“ತಡಿ, ತಡಿ! ಬರೆದಿರೋದು ಕಪ್ಪು ಮಸಿ, ಹೊಡೆದಿರೋದು ಕೆಂಪು ಮಸಿ. ಇವು ಶಿಷ್ಯ ಹಾಕಿದ ಚಿತ್ತಲ್ಲ, ಸಾಹೇಬ್ರು ಕೊಟ್ಟ ಬಾಸುಂಡೆ!”

ಚಿತ್ತಿಲ್ಲದಿದ್ದರೂ ಆಗದು, ಇದ್ದರೂ ಆಗದು! ತಲೆ ಕೆಟ್ಟು ಜಗಳೂರಿಗೆ ಮರಳಿ, ಹೊಲದ ಬದುವಿನ ಮೇಲೆ ಕೂತು ರೇಗಿದೆ: “ನಿಮಗೆ ಎಂಥಾ ಚಿತ್ತು ಬೇಕು ಮಾವ?”

“ನಿನ್ನ ನೋಟ್‌ಬುಕ್ ತಾ, ತೋರಿಸ್ತೀನಿ.”

ಹಾಳೆ ತಿರುವಿದರು. ಒಂದೂ ಚಿತ್ತಿರಲಿಲ್ಲ. ಹಿಂದಕ್ಕೆ ತಿರುವಿದರು. ಹೊಲಿಗೆಯಲ್ಲಿ ಹರಿದ ಹಾಳೆಗಳ ಚೂರು ಅಲ್ಲಲ್ಲಿ ಉಳಿದಿತ್ತು.

“ಹರಿದೀಯ?”

“ಹೂಂ. ನಾನು ಎಣಿಸಿದ್ರೆ ಹುಳ ಯಾವಾಗಲೂ ನಿಮಗಿಂತ ಜಾಸ್ತಿ ಬರ್ತಿದ್ವು. ನನ್ನದೇ ತಪ್ಪಿರಬೇಕು ಅಂತ ನಿಮ್ಮದನ್ನೇ ಬರೆದೆ.”

“ನಾನಂದ್ರೆ ಹೆದರಿಕೆನಾ ನಿಂಗೆ?”

ಹೆದರಿಕೆಯೋ? ಅವರ ಮುಖ ಸಣ್ಣದಾಗಬಾರದೆಂಬ ಆಸೆಯೋ? ಆಗ ಏನೆಂದೆನೋ ಗೊತ್ತಿಲ್ಲ. ಈಗ ಒಂದು ಚೆಂದದ ಉತ್ತರ ಹೊಳೆಯುತ್ತದೆ. ಚೆಂದವಾಗಿದೆ ಎಂದೇ ಅದನ್ನು ನಂಬುವುದಿಲ್ಲ.

ಮಾವ ಕೋಟಿನ ಜೇಬಿನಿಂದ ತಮ್ಮ ಪುಸ್ತಕ ತೆಗೆದರು. ಕಚೇರಿಗೆ ಕಳಿಸಲು ಸಿದ್ಧವಾಗಿದ್ದ ಎರಡು ವರ್ಷದ ಎಣಿಕೆ. ಒಂದೊಂದೇ ಪುಟಕ್ಕೆ ಅಡ್ಡಗೆರೆ ಎಳೆಯುತ್ತ ಹೋದರು. ನಾನು ಕೈ ಹಿಡಿದರೂ ನಿಲ್ಲಿಸಲಿಲ್ಲ.

“ಕಣ್ಣು ಮಂಜಾಗೈತೆ ಅಂತ ನಂಗೂ ಗುಮಾನಿ ಇತ್ತು ಕಣೋ. ಹೇಳೋರು ಯಾರೂ ಇರಲಿಲ್ಲ.” ಪೆನ್ಸಿಲಿನ ತುದಿ ನಾಲಿಗೆಗೆ ತಾಗಿಸಿಕೊಂಡು ಎದ್ದರು. “ಏಳು. ಮೊದಲ್ನೇ ಸಾಲಿಂದ ನೀನು ಎಣಿಸಿ ಹೇಳು, ನಾನು ಬರ್ಕಂತೀನಿ.”

ಅರ್ಜಿಯಲ್ಲಿ ಅವರ ಹೆಸರು ಬರೆದೆ. ‘ಗುರುಗಳ ಪದವಿ’ ಎಂಬಲ್ಲಿ ಏನೂ ಬರೆಯಲಿಲ್ಲ.