ಹಾಜರಿಯ ಕಾಲಂ

ಆಟ ಬಾರದವನಿಗೆ ಆಟದ ಹುಚ್ಚಾದರೂ ಇರಬಾರದು. ನನಗಿದೆ. ಮೈಸೂರಿನ ನಮ್ಮ ಬೀದಿಯಲ್ಲಿ ಕ್ರಿಕೆಟ್ಟಿಗೆ ಎರಡು ತಂಡ ಮಾಡುವಾಗ ಕೊನೆಗೆ ಉಳಿಯುತ್ತಿದ್ದವನು ನಾನೇ. ‘ಇವನನ್ನ ನೀವೇ ಇಟ್ಕೊಳ್ಳಿ, ಬೇಕಾದ್ರೆ ಮೊದಲ ಬ್ಯಾಟಿಂಗೂ ತಗೊಳ್ಳಿ’ ಎಂದು ಇಬ್ಬರು ನಾಯಕರೂ ನನ್ನನ್ನು ಧಾರಾಳವಾಗಿ ದಾನ ಮಾಡುತ್ತಿದ್ದರು. ಆ ಅವಮಾನವೆಲ್ಲ ಊರಲ್ಲೇ ಉಳಿಯಿತು ಎಂದುಕೊಂಡು ಜರ್ಮನಿಯವರು ಆಗ ಕಂಪ್ಯೂಟರ್ ಇಂಜಿನಿಯರುಗಳಿಗೆಂದು ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಇಲ್ಲಿಗೆ ಬಂದೆ. ಹಾಗೆ ಬಿಟ್ಟು ಬರುವುದಕ್ಕೆ ಆಗುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ರೇಗನ್ಸ್‌ಬರ್ಗ್‌ನ ನಮ್ಮ ಆಫೀಸಿನಲ್ಲಿ ಹುಬರ್ ಎಂಬ ಹಿರಿಯರಿದ್ದರು. ಅರ್ಧ ಗಂಟೆ ಬಸ್ಸಿನ ದೂರದ ಹಳ್ಳಿಯೊಂದರ ಬೇಸ್‌ಬಾಲ್ ಕ್ಲಬ್ಬಿಗೆ ಅವರೇ ಅಧ್ಯಕ್ಷರು. ಇಂಡಿಯಾದವರು ಹುಟ್ಟುವಾಗಲೇ ಬ್ಯಾಟು ಹಿಡಿದಿರುತ್ತಾರೆಂಬ ನಂಬಿಕೆ ಅವರದು. ನಾನು ಅಲ್ಲಗಳೆಯಲಿಲ್ಲ. ಬಸ್ಸಿನಲ್ಲಿ ಜೊತೆಗಿರಲಿ ಎಂದು ಸಹೋದ್ಯೋಗಿ, ಹುಬ್ಬಳ್ಳಿಯ ಬಸವರಾಜರನ್ನೂ ಎಳೆದುಕೊಂಡು ಹೋದೆ. ಚಿನ್ನಿದಾಂಡು ಆಡಿ ಪಳಗಿದ ಕೈ ಅವರದು. ಮೊದಲ ದಿನವೇ ಚೆಂಡನ್ನು ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ಕಳಿಸಿದರು. ನಾನು ಇಡೀ ಸೀಸನ್ನಿನಲ್ಲಿ ಹೊಡೆದದ್ದು ಎರಡೇ ಚೆಂಡು, ಅದರಲ್ಲೊಂದು ನನ್ನ ಮಂಡಿಗೇ ಬಿತ್ತು. ಆದರೆ ಹಾಜರಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಶನಿವಾರ ಬೆಳಿಗ್ಗೆ ಮನೆಯಲ್ಲಿದ್ದರೆ ಕಿಟಕಿ ಒರೆಸಬೇಕು, ಮೆಟ್ಟಿಲು ಗುಡಿಸಬೇಕು. ‘ಇವರಿಗೆ ಆಟದ ಮೇಲೆ ಭಕ್ತಿ ಅಲ್ಲ, ಪೊರಕೆ ಮೇಲೆ ಭಯ’ ಎಂದು ಹೆಂಡತಿ ಸುಧಾ ಕಂಡವರಿಗೆಲ್ಲ ಹೇಳುತ್ತಿದ್ದಳು.

ಚಳಿಗಾಲ ಬಂದು ಮೈದಾನಕ್ಕೆ ಬೀಗ ಬಿದ್ದ ಮೇಲೆ ಕ್ಲಬ್ಬಿನ ನಿಜವಾದ ಆಟ ಶುರುವಾಗುತ್ತದೆ. ಹೋದ ಬೇಸಗೆಯಲ್ಲಿ ಚೆಂಡೆಸೆಯುವುದಕ್ಕೆಂದು ಅಮೆರಿಕದಿಂದ ಒಬ್ಬನನ್ನು ಕರೆಸಿದ್ದರು. ಮುಂದಿನ ವರ್ಷವೂ ಅವನೇ ಬೇಕು ಎಂದು ತೀರ್ಮಾನವಾಯಿತು. ಅವನ ಸಂಬಳ, ಟಿಕೆಟ್ಟು, ರೂಮಿನ ಬಾಡಿಗೆ ಕಳೆದರೆ, ಉಳಿದ ದುಡ್ಡು ನಮ್ಮ ಹದಿನೆಂಟು ಜನರ ಬಟ್ಟೆ, ವಿಮೆಗಳಿಗೆ ಸಾಲದು. ಒಬ್ಬರನ್ನು ಕೈಬಿಡಲೇಬೇಕು. ಹುಬರ್ ಕ್ಯಾಂಟೀನಿನಲ್ಲಿ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಮೂರ್ತಿ, ನಿಮಗೆ ಎಕ್ಸೆಲ್ ಚೆನ್ನಾಗಿ ಬರುತ್ತದೆ. ಯಾರ ಮುಖವನ್ನೂ ನೋಡದೆ ಒಂದು ಪಟ್ಟಿ ಮಾಡಿಕೊಡಿ. ಸಭೆಯಲ್ಲಿ ಕೈಯೆತ್ತಿ ಮುಗಿಸಿಬಿಡೋಣ’ ಎಂದರು. ನನ್ನನ್ನು ನಂಬಿ ಯಾರೋ ಏನೋ ವಹಿಸಿದ್ದೇ ಆಟದ ವಿಷಯದಲ್ಲಿ ಅದು ಮೊದಲ ಸಲ.

ಹೊಡೆತ, ಹಿಡಿತ, ಓಟ, ಹಾಜರಿ ಎಂದು ನಾಲ್ಕು ಕಾಲಂ ಹಾಕಿದೆ. ಎಲ್ಲಕ್ಕೂ ಸಮನಾದ ಅಂಕ. ಕೂಡಿಸಿ ನೋಡಿದರೆ ಹದಿನೆಂಟನೆಯವನು ನಾನು. ಕಂಪ್ಯೂಟರಿಗೆ ಸುಸ್ತಾಗಿರಬಹುದೆಂದು ಇನ್ನೊಮ್ಮೆ ಕೂಡಿಸಿದೆ. ಆಗಲೂ ನಾನೇ. ಆಗ ನನಗೆ ಶಿಸ್ತಿನ ಮಹತ್ವ ಹೊಳೆಯಿತು. ಅದರಲ್ಲೂ ಜರ್ಮನಿಯಲ್ಲಿ ಶಿಸ್ತಿಗೆ ಬೆಲೆ ಇರಬೇಡವೇ? ಒಟ್ಟು ಅಂಕದ ಅರ್ಧವನ್ನು ಹಾಜರಿಗೆ ಕೊಟ್ಟೆ. ಸರ್ರನೆ ಹದಿನಾಲ್ಕಕ್ಕೆ ಏರಿದೆ. ಕೆಳಗೆ ಬಿದ್ದವರು ಯಾರು ಎಂದು ನೋಡಿದರೆ, ಬಸವರಾಜ್. ಹೆಂಡತಿಯ ಹೆರಿಗೆಯೆಂದು ಅವರು ಎರಡು ತಿಂಗಳು ಅಭ್ಯಾಸಕ್ಕೆ ಬಂದಿರಲಿಲ್ಲ. ದೇವರಾಣೆಗೂ ಅವರನ್ನು ಬೀಳಿಸಬೇಕೆಂದು ನಾನು ಹಾಗೆ ಮಾಡಲಿಲ್ಲ. ನನ್ನ ಕಣ್ಣು ನನ್ನ ಸಾಲಿನ ಮೇಲಷ್ಟೇ ಇತ್ತು. ಆದರೆ ನೋಡಿದ ಮೇಲೆ ಒಂದು ಗುಂಡಿ ಒತ್ತಿದ್ದರೆ ಎಲ್ಲ ಮೊದಲಿನಂತಾಗುತ್ತಿತ್ತು. ಒತ್ತಲಿಲ್ಲ. ಬಾಣಂತನಕ್ಕೆ ಬಂದಿದ್ದ ಅವರ ಅತ್ತೆ ಮಾಡಿಕೊಟ್ಟ ಅಂಟಿನುಂಡೆಯ ಡಬ್ಬಿ ಪಕ್ಕದಲ್ಲೇ ಇತ್ತು. ಎಡಗೈಯಲ್ಲಿ ಫೈಲು ಸೇವ್ ಮಾಡುವಾಗ ಬಲಗೈ ಆ ಡಬ್ಬಿಯೊಳಗಿತ್ತು ಎಂಬುದನ್ನು ನೆನೆದರೆ ಈಗಲೂ ಕೈ ಎಲ್ಲಾದರೂ ಬಚ್ಚಿಡೋಣ ಅನ್ನಿಸುತ್ತದೆ.

ಸಭೆ ನಡೆದದ್ದು ಹಳ್ಳಿಯ ಗಾಸ್ಟ್‌ಹೌಸ್ ಎಂಬ ಊಟ-ಬಿಯರಿನ ಹೋಟೆಲಿನ ಹಿಂದಿನ ಕೋಣೆಯಲ್ಲಿ. ಬಸವರಾಜರೂ ಬಂದಿದ್ದರು. ಹುಬರ್ ಪಟ್ಟಿಯನ್ನು ಗೋಡೆಯ ಮೇಲೆ ಮೂಡಿಸಿದರು. ದಶಮಾಂಶ ಬಿಂದುವಿನ ನಂತರವೂ ಎರಡು ಅಂಕಿ ಇಟ್ಟಿದ್ದೆನಲ್ಲ, ಯಾರೂ ಪ್ರಶ್ನೆ ಕೇಳಲಿಲ್ಲ. ‘ಕ್ಷಮಿಸಿ ಬಸವರಾಜ್, ನಿಮ್ಮ ಹೆಸರು ಕೊನೆಯಲ್ಲಿದೆ’ ಎಂದು ಹುಬರ್ ಮುಖಕ್ಕೇ ಹೇಳಿ, ಒಪ್ಪುವವರು ಕೈಯೆತ್ತಿ ಎಂದರು. ನಾನು ಕಿವಿ ಕೆರೆದುಕೊಳ್ಳುವವನಂತೆ ಅರ್ಧ ಎತ್ತಿದೆ. ಪಕ್ಕದಲ್ಲಿ ಒಂದು ಕೈ ನೆಟ್ಟಗೆ ಮೇಲೆದ್ದಿತ್ತು. ಬಸವರಾಜರದು. ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೆ ಅನ್ನಿಸಿತು. ಊರಿಗೆ ವಾಪಸಾಗಿ ಬಸ್ಸಿನಿಂದ ಇಳಿಯುವಾಗ ಅವರು ಚೀಲದಿಂದ ತಮ್ಮ ಚರ್ಮದ ಕೈಗವಸು ತೆಗೆದು, ‘ನಿಮ್ಮದು ಹರದೈತ್ರಿ. ಇದನ್ನ ಇಟ್ಕೋರಿ’ ಎಂದು ನನ್ನ ತೊಡೆಯ ಮೇಲಿಟ್ಟು ಹೋದರು.

ಆಮೇಲೆ ಎರಡು ವಾರ ಕ್ಯಾಂಟೀನಿನಲ್ಲಿ ಕಂಬದ ಹಿಂದೆ ಕೂತು ಊಟ ಮಾಡಿದೆ. ‘ಮಗು ನೋಡೋಕೆ ಹೋಗೋಣ ಅಂದ್ರೆ ಯಾಕ್ರೀ ತಪ್ಪಿಸ್ಕೋತೀರಾ?’ ಎಂದು ಸುಧಾ ಕೇಳಿದಾಗ ಬಾಯಿಬಿಟ್ಟೆ. ಬೈಯುತ್ತಾಳೆಂದು ಕಾದೆ. ಅವಳು ಅವರ ಡಬ್ಬಿಯನ್ನು ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ, ‘ನೀವೊಬ್ರೇ ಹೋಗಿ ಹೇಳಿ ಬನ್ನಿ’ ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಬಸವರಾಜ್ ಕೂಸನ್ನು ಹೆಗಲಿಗೆ ಹಾಕಿಕೊಂಡೇ ಬಾಗಿಲು ತೆರೆದರು. ದಾರಿಯುದ್ದಕ್ಕೂ ಉರು ಹೊಡೆದಿದ್ದ ಮಾತು ಬಿಟ್ಟು ಮೊದಲು ಡಬ್ಬಿಯನ್ನು ಮುಂದೆ ಹಿಡಿದೆ. ‘ಬಸವರಾಜ್, ಆ ಪಟ್ಟಿ ಇದೆಯಲ್ಲ...’ ಎಂದೆ.

‘ಗೊತ್ತೈತ್ರಿ,’ ಎಂದರು. ‘ಹುಬರ್ ಅವರು ಮೀಟಿಂಗಿನ ಹಿಂದಿನ ದಿನಾನ ಎಲ್ಲಾರಿಗೂ ಫೈಲ್ ಮೇಲ್ ಮಾಡಿದ್ರಲ್ರಿ. ಹಾಜರಿಗೆ ಅರ್ಧಾ ಮಾರ್ಕ್ಸ್ ಹಾಕೀರಿ. ನಾನೂ ಇಂಜಿನಿಯರ್ ಅಲ್ಲೇನ್ರಿ?’

‘ಮತ್ತೆ ಕೈ ಯಾಕೆ ಎತ್ತಿದ್ರಿ?’

ಅವರು ಕೂಸಿನ ಬೆನ್ನು ತಟ್ಟಿದರು. ‘ನನಗೂ ಆಟದ ಆಸೆ ಭಾಳ ಇತ್ರಿ, ಸುಳ್ಳ ಯಾಕ ಹೇಳ್ಲಿ. ಆದ್ರ ನನಗ ಇನ್ನ ಶನಿವಾರ ಇದೊಂದು ಕೂಸು ಐತಿ. ನಿಮ್ಮನ್ನ ಕೈಬಿಟ್ರ ನೀವು ಎಲ್ಲಿಗೆ ಹೋಗ್ತಿದ್ರಿ? ಒಂದ್ ಮಾತು ಕೇಳಿದ್ರ ನಾನ ಆಟ ಬಿಡ್ತಿದ್ನಿ. ನೀವು ಕೇಳ್ಲಿಲ್ಲ, ಅದೊಂದ ಬ್ಯಾಸರ ಆತ್ರಿ.’

ಹೊರಡುವಾಗ ಅವರ ಅತ್ತೆ ಆ ಡಬ್ಬಿಯ ತುಂಬ ಮತ್ತೆ ಉಂಡೆ ತುಂಬಿ ಕೊಟ್ಟರು. ಮಾನ ಇದ್ದವನು ಬೇಡ ಎನ್ನಬೇಕಿತ್ತು. ಬಸ್ ಸ್ಟಾಪ್ ತಲುಪುವಷ್ಟರಲ್ಲಿ ಎರಡು ಮುಗಿಸಿದ್ದೆ.

ಏಪ್ರಿಲ್ಲಿನಲ್ಲಿ ಮೈದಾನದ ಬೀಗ ತೆಗೆದರು. ಎಲ್ಲರಿಗಿಂತ ಮೊದಲು ಹೋದವನು ನಾನೇ, ಕೈಯಲ್ಲಿ ಬಸವರಾಜರ ಕೈಗವಸು. ಅವತ್ತಿನ ಮೊದಲ ಚೆಂಡು ನೇರವಾಗಿ ನನ್ನ ಕಡೆಗೇ ಬಂತು. ಬಿಟ್ಟೆ. ಹುಬರ್ ದೂರದಿಂದಲೇ, ‘ಪರವಾಗಿಲ್ಲ ಮೂರ್ತಿ, ಬಂದಿದ್ದೀರಲ್ಲ, ಅದೇ ಮುಖ್ಯ’ ಎಂದು ಕೂಗಿ ನನ್ನ ಹಾಜರಿ ಬರೆದುಕೊಂಡರು.